ಅವ್ವನ ಸಾಕ್ಷಿ

"ಕೈ ಮೆತ್ತಗ ಬಿಡ, ಮೈಲವ್ವ. ಬಡಿಗಿ ಹಿಡ್ಕೊಂಡಂಗ ಹಿಡ್ಕೋಬ್ಯಾಡ," ಎಂದಳು ಬಳೆಗಾರ್ತಿ ದೌಲತಬಿ.

ಸುಧಾರಾಣಿ ಸೋಮವ್ವನ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಶಾಲೆ ಬಿಟ್ಟವಳು ಬೆನ್ನಿನ ಪಾಟಿಚೀಲವನ್ನೂ ಇಳಿಸದೆ, ಅವ್ವನನ್ನು ಹುಡುಕಿಕೊಂಡು ಪಕ್ಕದ ಮನೆಗೆ ಬಂದಿದ್ದಳು. ಅವ್ವ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಅವಳ ಎಡಗೈ ದೌಲತಬಿಯ ತೊಡೆಯ ಮೇಲಿತ್ತು. ದೌಲತಬಿ ಬೆರಳಿನ ಗಂಟುಗಳನ್ನು ಒತ್ತಿ ಒತ್ತಿ ಒಂದು ಹಸಿರು ಗಾಜಿನ ಬಳೆಯನ್ನು ಏರಿಸುತ್ತಿದ್ದಳು.

"ಎರಡು ವರ್ಷಾತು ಈ ಕೈಗೆ ಬಳಿ ಮುಟ್ಟಿ. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ನಿನ್ನ ಬೆರಳೂ ಬ್ಯಾಡಗಿ ಕಾಯಿ ಆಗ್ಯಾವ ನೋಡ. ಬರೇ ಸುಕ್ಕು!"

ಸುತ್ತ ಕೂತ ಹೆಂಗಸರು ನಕ್ಕರು. ಅವ್ವನೂ ನಕ್ಕಳು. ಸುಧಾರಾಣಿ ನಗಲಿಲ್ಲ.

ಅಂದು ಸೋಮವ್ವನ ಮಗಳು ಪುಷ್ಪಲತಾಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಓಣಿಯವರನ್ನೆಲ್ಲ ಕರೆದು ಉಣ್ಣಿಸುವ ದಿನ. ಆದರೆ ಕುರ್ಚಿಯ ಮೇಲೆ ಕೂತ ಪುಷ್ಪಲತಾಳ ಮುಖ ಬಾಡಿತ್ತು. ಹೋದ ವರ್ಷ ಅವಳ ಮೊದಲ ಕೂಸು ಹುಟ್ಟಿದ ದಿನವೇ ತೀರಿಕೊಂಡಿತ್ತು. ಈ ಸಲವೂ ಹಾಗೇ ಆದರೆ ಎಂಬ ಹೆದರಿಕೆಯಲ್ಲಿ ಬೆಳಗಿನಿಂದ ಅವಳು ಒಂದು ತುತ್ತೂ ಉಂಡಿರಲಿಲ್ಲ.

"ಮೈಲಕ್ಕ ನನ್ನ ಬಾಜೂಕ ಕುಂದ್ರಲಿ. ಆಕಿ ಕೈ ಹಿಡ್ಕೊಂಡ್ರ ಉಣ್ತೇನಿ," ಎಂದು ಹಟ ಹಿಡಿದಿದ್ದಳಂತೆ.

ಸೋಮವ್ವನಿಗೆ ಇಕ್ಕಟ್ಟಾಗಿತ್ತು. ಬಳೆಯಿಲ್ಲದ ಕೈಯವಳನ್ನು ಬಸುರಿ ಮಗಳ ಪಕ್ಕ ಕೂರಿಸಲು ಅವಳ ಜೀವ ಒಪ್ಪಲಿಲ್ಲ. ಬರಿಗೈ ಎಂದರೆ ಗಂಡ ಸತ್ತವಳ ಕೈ ಎಂದೇ ಆಕೆ ಬಲ್ಲಳು.

"ನಿನ್ನ ದೇವ್ರು ಏನಂತಾನೋ ನನಗ ತಿಳೀದವ್ವಾ," ಎಂದು ಸೋಮವ್ವ ಈಗಲೂ ಬಡಬಡಿಸುತ್ತಿದ್ದಳು. "ಇದೊಂದ್ ದಿನ. ನನ್ನ ಮಗಳ ಸಲುವಾಗಿ."

"ಇರ್ಲಿ ಬಿಡ, ಸೋಮಕ್ಕ. ಗಾಜು ಅಷ್ಟ," ಎಂದಳು ಅವ್ವ.

ಎಡಗೈಗೆ ಆರು, ಬಲಗೈಗೆ ಆರು. ಸುಧಾರಾಣಿ ಎಣಿಸಿದಳು. ಆಮೇಲೆ ಅವ್ವ ಎದ್ದು ಹೋಗಿ ಪುಷ್ಪಲತಾಳ ಪಕ್ಕ ಕೂತಳು. ಅವಳ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು. ಕಿವಿಯಲ್ಲಿ ಏನೋ ಹೇಳಿದಳು. ಪುಷ್ಪಲತಾ ಮೊದಲು ಅತ್ತಳು, ಆಮೇಲೆ ಒಂದಿಡೀ ಹೋಳಿಗೆ ತಿಂದಳು.

ಸುಧಾರಾಣಿ ಮಾತ್ರ ಅವ್ವನ ಮಣಿಕಟ್ಟನ್ನೇ ನೋಡುತ್ತಿದ್ದಳು. ಐದನೇ ನಿಯಮ, ಎಂದುಕೊಂಡಳು.

*

ನಿಯಮಗಳು ಹನ್ನೆರಡು. ಅವು ಕೋಲ್ಡ್ ಸ್ಟೋರೇಜ್ ಹಿಂದೆ, ಕ್ರೈಸ್ತ ಸಭೆಯ ತಗಡಿನ ಪ್ರಾರ್ಥನಾ ಹಾಲ್‌ನಲ್ಲಿ ಒಂದು ದೊಡ್ಡ ಚಾರ್ಟಿನ ಮೇಲೆ ಇದ್ದವು. ಚಾರ್ಟ್ ಬರೆದವನು ಸಭೆಯ ಹಿರಿಯ, ಶಶಿಕಾಂತ ಅಣ್ಣ. ವಾರವಿಡೀ ಅವನು ಸ್ಟೇಶನ್ ರೋಡಿನಲ್ಲಿ ಟೇಲರಿಂಗ್ ಮಾಡುತ್ತಿದ್ದ. ಅವನ ಅಕ್ಷರವೂ ಅವನ ಹೊಲಿಗೆಯ ಹಾಗೆ, ಒಂದೂ ಆಚೀಚೆ ಆಗುತ್ತಿರಲಿಲ್ಲ.

ಸಿನಿಮಾ ನೋಡಬಾರದು. ಕುಂಕುಮ ಇಡಬಾರದು. ಹೂ ಮುಡಿಯಬಾರದು. ಹಬ್ಬದ ಎಡೆ ಉಣ್ಣಬಾರದು. ಬಳೆ, ಓಲೆ, ಸರ ಹಾಕಬಾರದು. ಹೀಗೆ ಇಳಿಯುತ್ತ ಹೋಗಿ ಕೊನೆಗೆ, ಹನ್ನೆರಡನೆಯದು: ಸುಳ್ಳು ಸಾಕ್ಷಿ ಹೇಳಬಾರದು.

ಪ್ರತಿ ಭಾನುವಾರ ಶಶಿಕಾಂತ ಅಣ್ಣ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳುತ್ತಿದ್ದ. ವಾರವಿಡೀ ನಿಯಮ ಪಾಲಿಸಿದವರ ಹೆಸರಿನ ಮುಂದೆ ಒಂದು ಬಂಗಾರ ಬಣ್ಣದ ಸ್ಟಾರ್ ಅಂಟಿಸಿ, ಒಂದು ಪೆಪ್ಪರಮಿಂಟ್ ಕೊಡುತ್ತಿದ್ದ. ಬೈಯುತ್ತಿರಲಿಲ್ಲ. ಯಾರಾದರೂ ತಪ್ಪು ಒಪ್ಪಿಕೊಂಡರೆ ಅವನ ಕಣ್ಣಲ್ಲೇ ನೀರು ಬರುತ್ತಿತ್ತು.

ಐದನೇ ಇಯತ್ತೆಯ ಸುಧಾರಾಣಿಗೆ ಶಾಲೆಯಲ್ಲಿ ಯಾವತ್ತೂ ರ‍್ಯಾಂಕ್ ಬಂದಿರಲಿಲ್ಲ. ಗಣಿತ ಬರುತ್ತಿರಲಿಲ್ಲ, ಓಟ ಬರುತ್ತಿರಲಿಲ್ಲ. ಆದರೆ ನಿಯಮ ಪಾಲಿಸುವುದು ಬರುತ್ತಿತ್ತು. ಸ್ಟಾರುಗಳಲ್ಲಿ ಇಡೀ ಸಂಡೇ ಸ್ಕೂಲಿಗೆ ಅವಳೇ ಫಸ್ಟ್. ಕಿವಿಯ ಓಲೆ ಬಿಚ್ಚಿದ ವಾರ ಕ್ಲಾಸಿನ ತೇಜಸ, "ಏ ಬೋಳ್‌ಗಿವಿ! ಓಲಿ ಮಾರಿ ಬತ್ತಾಸ ತಿಂದ್ಯೇನ?" ಎಂದು ಎಲ್ಲರೆದುರು ಕಾಡಿದ್ದ. ಅವಳು ತುಟಿ ಕಚ್ಚಿ ತಡೆದುಕೊಂಡಿದ್ದಳು. ಅದಕ್ಕೂ ಒಂದು ಸ್ಟಾರ್ ಸಿಕ್ಕಿತ್ತು.

ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರಕ್ಕೆ ಐರಣಿಯ ಹೊಳೆಯಲ್ಲಿ ದೀಕ್ಷಾಸ್ನಾನ ಇತ್ತು. ಐದು ಜನ ನೀರಿನಲ್ಲಿ ಮುಳುಗಿ ಏಳುವವರಿದ್ದರು. ಅವರಲ್ಲಿ ಅವ್ವನೂ ಒಬ್ಬಳು. ಹಾಗೆ ಎದ್ದವರು ಸಭೆಗೆ ಪೂರ್ತಿ ಸೇರಿದವರಾಗುತ್ತಾರೆ. ರೊಟ್ಟಿ, ದ್ರಾಕ್ಷಾರಸದ ತಟ್ಟೆ ಬಂದಾಗ ಅದನ್ನು ಮುಟ್ಟದೆ ಪಕ್ಕದವರಿಗೆ ದಾಟಿಸಬೇಕಾಗಿಲ್ಲ. ಅವ್ವ ಎರಡು ವರ್ಷದಿಂದ ಆ ತಟ್ಟೆಯನ್ನು ದಾಟಿಸುತ್ತಲೇ ಇದ್ದಳು.

ಅದಕ್ಕಾಗಿ ಅವಳು ಒಂದು ಬಿಳಿ ಸೀರೆ ತಂದಿಟ್ಟಿದ್ದಳು. ಯಾರೂ ಇಲ್ಲದಾಗ ಟ್ರಂಕಿನಿಂದ ಅದನ್ನು ತೆಗೆದು, ನೋಡಿ, ಮತ್ತೆ ಮಡಚಿ ಇಡುತ್ತಿದ್ದಳು.

ಹೊಳೆಗೆ ಹೋಗುವ ಮೊದಲು ಒಂದು ಕೆಲಸ ಬಾಕಿ ಇತ್ತು. ಹಿಂದಿನ ಭಾನುವಾರ ಪ್ರತಿಯೊಬ್ಬರ ಮನೆಯವರೊಬ್ಬರು ಸಭೆಯಲ್ಲಿ ಎದ್ದು, ಅವರ ಬಾಳು ಬದಲಾಗಿದೆ, 'ಹೊಸ ಹುಟ್ಟು' ಆಗಿದೆ ಎಂದು ಸಾಕ್ಷಿ ಹೇಳಬೇಕು.

"ನೀನ ಹೇಳವ್ವಾ ಸುಧಾ," ಎಂದಿದ್ದಳು ಅವ್ವ. "ನಿಮ್ಮಪ್ಪ ಅಲ್ಲಿಗೆ ಕಾಲಿಡೂದಿಲ್ಲ. ನನಗ ಯಾರದಾರ ಮತ್ತ?"

*

ಶನಿವಾರ ಸಂಜೆ ಅಪ್ಪ ಅಂದಾನೆಪ್ಪ ಮಾರ್ಕೆಟ್ ಯಾರ್ಡಿನಿಂದ ಬಂದು ಕಟ್ಟೆಯ ಮೇಲೆ ಕೂತು ಸೀನುತ್ತಿದ್ದ. ದಿನವಿಡೀ ಮೆಣಸಿನಕಾಯಿ ಚೀಲ ಹೊತ್ತವನ ಅಂಗಿಯಿಂದಲೂ ಘಾಟು ಏಳುತ್ತಿತ್ತು. ಹತ್ತಿರ ಹೋದ ಸುಧಾರಾಣಿಯೂ ಎರಡು ಸಲ ಸೀನಿದಳು.

"ಅಪ್ಪಾ, ಸಾಕ್ಷಿ ಅಂದ್ರ ಏನ್ ಹೇಳ್ಬೇಕು?"

ಅಪ್ಪನಿಗೆ ಖುಷಿಯಾಯಿತು. ಸಾಕ್ಷಿಯ ವಿಷಯ ಆ ಓಣಿಯಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹಿಂದೊಮ್ಮೆ ಯಾರ್ಡಿನ ಗೇಟಿನಲ್ಲಿ ಲಾರಿಯೊಂದು ಚಕ್ಕಡಿಗೆ ಬಡಿದಾಗ ಅವನು ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿ ಬಂದಿದ್ದ.

"ನೋಡಿದ್ದು ನೋಡಿದಂಗ ಹೇಳ್ಬೇಕು. ಮುಗೀತು. ವಕೀಲ ನನಗ ಏನಂದ ಗೊತ್ತೈತೇನ? ಒಂದ್ ಮಾತ ಹೆಚ್ಚ ಹೇಳಿದ್ರೂ ಸುಳ್ಳು, ಒಂದ್ ಮಾತ ಬಿಟ್ಟ ಹೇಳಿದ್ರೂ ಸುಳ್ಳು ಅಂದ."

"ಬಿಟ್ಟ ಹೇಳಿದ್ರೂ?"

"ಬಿಟ್ಟ ಹೇಳಿದ್ರೂ! ಚಕ್ಕಡ್ಯಾವ ನನ್ನ ಗೆಳ್ಯಾನ. ಆದ್ರ ಆವತ್ತ ಅವನ ಎತ್ತು ಅಡ್ಡ ಬಂದಿತ್ತು. ಬಿಡಲಿಲ್ಲ. ಅದನ್ನೂ ಹೇಳಿದೆ."

"ನಿಮ್ಮ ಗೆಳ್ಯಾ ಸಿಟ್ಟಾಗ್ಲಿಲ್ಲೇನ?"

"ಇವತ್ತಿಗೂ ನನ್ನ ಕೂಡ ಮಾತಿಲ್ಲ," ಎಂದು ಅಪ್ಪ ಇನ್ನೊಂದು ಸಲ ಸೀನಿದ. "ಯಾಕ ಕೇಳ್ತಿ?"

"ಸುಮ್ನ," ಎಂದಳು ಸುಧಾರಾಣಿ.

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ಮತ್ತೆ ಬರಿದಾಗಿತ್ತು. ಕುಬಸದ ದಿನವೇ ಸಂಜೆ ಸೋಪು ಹಚ್ಚಿ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು, ಪುಷ್ಪಲತಾಳಿಗೇ ಕೊಟ್ಟು ಬಂದಿದ್ದಳು. ಅದರ ಬಗ್ಗೆ ಹೇಳಬೇಡ ಎಂದು ಅವ್ವ ಒಂದು ಮಾತು ಅಂದಿದ್ದರೆ ಚೆನ್ನಾಗಿತ್ತು. ಅನ್ನುತ್ತಾಳೇನೋ ಎಂದು ಸುಧಾರಾಣಿ ಒಲೆಯ ಮುಂದೆ ಎರಡು ಸಲ ಸುಳಿದಾಡಿದಳು.

"ಹಸಿವ್ಯಾತೇನ? ತಡಿ, ಇದೊಂದ್ ಆಗ್ಲಿ," ಎಂದಳು ಅವ್ವ. ಅಷ್ಟೇ.

*

ಮರುದಿನ ಹಾಲ್ ತುಂಬಿತ್ತು. ಗಂಡಸರು ಒಂದು ಕಡೆ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು ಒಂದು ಕಡೆ.

ಮೊದಲು ಮುದುಕಿ ಕರೆವ್ವನ ಮೊಮ್ಮಗ ಎದ್ದು ನಿಂತ. "ನಮ್ಮಜ್ಜಿ ತಂಬಾಕು ಬಿಟ್ಟಾಳ್ರಿ," ಎಂದ. ಸ್ವಲ್ಪ ತಡೆದು, "ನಶ್ಯ ಬಿಟ್ಟಿಲ್ರಿ," ಎಂದು ಸೇರಿಸಿದ. ಎಲ್ಲರೂ ನಕ್ಕರು. ಕರೆವ್ವ ಅವನನ್ನು ಕುಕ್ಕುವಂತೆ ನೋಡಿದಳು. ಶಶಿಕಾಂತ ಅಣ್ಣ ನಗುತ್ತಲೇ, "ಅದನ್ನೂ ಬಿಡ್ರಿ ಅಜ್ಜಿ," ಎಂದ. "ಬಿಟ್ಟೆ ತಗೋಪಾ," ಎಂದು ಕರೆವ್ವ ನಶ್ಯದ ಡಬ್ಬಿಯನ್ನು ಅಲ್ಲೇ ಅವನ ಕೈಗಿಟ್ಟಳು. "ಸ್ತೋತ್ರ!" ಎಂದರು ಎಲ್ಲರೂ.

ಆಮೇಲೆ ಸುಧಾರಾಣಿಯ ಸರದಿ.

"ಹೇಳು ತಂಗಿ," ಎಂದ ಶಶಿಕಾಂತ ಅಣ್ಣ. "ನಿಮ್ಮವ್ವಗ ಹೊಸ ಹುಟ್ಟು ಆಗೇತಿ ಅಂತ ನಿನಗ ಹೆಂಗ ಗೊತ್ತು? ನೀ ಏನ್ ನೋಡಿದಿ?"

ಚಾರ್ಟ್ ಎದುರಿಗೇ ಇತ್ತು. ಅವಳು ಅದನ್ನು ನೋಡುತ್ತ ಶುರು ಮಾಡಿದಳು.

"ನಮ್ಮವ್ವ ಸಿನಿಮಾ ನೋಡೂದಿಲ್ರಿ. ಕುಂಕುಮ ಇಡೂದಿಲ್ರಿ. ಹೂ ಮುಡಿಯೂದಿಲ್ರಿ. ಎಡಿ ಉಣ್ಣೂದಿಲ್ರಿ."

ಐದನೆಯದಕ್ಕೆ ಬಂದು ನಿಂತಳು. ಅದನ್ನು ಹಾರಿಸಿ ಆರಕ್ಕೆ ಹೋಗಬಹುದಿತ್ತು. ಆದರೆ ಹನ್ನೆರಡನೆಯದು ಕೆಳಗೆ ಕೆಂಪು ಅಕ್ಷರದಲ್ಲಿ ಕಾಯುತ್ತಿತ್ತು. ಬಿಟ್ಟ ಹೇಳಿದ್ರೂ ಸುಳ್ಳು.

"ಯಾಕ ನಿಂತಿ? ಹೆದರಬ್ಯಾಡ. ಇದ್ದದ್ದು ಹೇಳು."

"ಬಳಿ... ಬಳಿ ಹಾಕೂದಿಲ್ರಿ. ಆದ್ರ ಮೊನ್ನಿ ಗುರುವಾರ ಹಾಕ್ಕೊಂಡಿದ್ಲ್ರಿ. ಸೋಮವ್ವನ ಮನ್ಯಾಗ. ಹಸರು ಬಳಿ. ಹನ್ನೆರಡು."

ಹೆಂಗಸರ ಕಡೆಯಿಂದ ಯಾರೋ, "ಅಯ್ಯ ಶಿವನ," ಎಂದವರು ಬಾಯಿ ಮುಚ್ಚಿಕೊಂಡರು.

ಶಶಿಕಾಂತ ಅಣ್ಣನ ಮುಖದ ನಗು ಇಳಿಯಿತು. "ಖರೇ ಏನ್ರಿ, ಮೈಲಕ್ಕ?"

ಅವ್ವ ಎದ್ದು ನಿಂತಳು. "ಖರೇ, ಅಣ್ಣಾ."

"ಯಾಕ್ರಿ?"

"ಆ ಹುಡುಗಿ ಹೆದರಿದ್ಲು."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಒಂದ್ ಮಾತ ಅನ್ರಿ ಅಕ್ಕಾ. ತಪ್ಪಾತು ಅನ್ರಿ," ಎಂದ ಅವನು. ಅವನ ದನಿ ಬೇಡಿಕೊಳ್ಳುವಂತಿತ್ತು. "ಅಷ್ಟ ಸಾಕು. ದೇವ್ರು ಕ್ಷಮಾ ಮಾಡ್ತಾನ. ನಾವೂ ಮರೀತೇವಿ. ಮುಂದಿನ ವಾರ ಎಲ್ಲಾರ ಕೂಡ ನೀರಿಗಿಳೀರಿ."

ಸುಧಾರಾಣಿ ಅವ್ವನ ಕಡೆ ತಿರುಗಿದಳು. ಅನ್ನು ಅವ್ವಾ, ಅನ್ನು. ಕರೆವ್ವಜ್ಜಿ ಡಬ್ಬಿ ಕೊಟ್ಟ ಹಾಗೆ ಕೊಟ್ಟುಬಿಡು.

ಅವ್ವ ಕಣ್ಣು ಮುಚ್ಚಿದಳು. ನಿಜವಾಗಿಯೂ ತನ್ನೊಳಗೆ ಹುಡುಕುತ್ತಿದ್ದಾಳೆ ಎಂದು ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಕಣ್ಣು ತೆರೆದು ಮೆಲ್ಲಗೆ ಹೇಳಿದಳು.

"ಅನ್ನಾಕ ನೋಡಿದೆ, ಅಣ್ಣಾ. ತಪ್ಪು ಅಂತ ಅನಸವಲ್ದು. ಅನಸಲಾರದ್ದು ಹೆಂಗ ಅನ್ಲಿ?"

ಶಶಿಕಾಂತ ಅಣ್ಣ ತಲೆ ತಗ್ಗಿಸಿದ. ಪಟ್ಟಿಯ ಹಾಳೆಯಲ್ಲಿ ಒಂದು ಗೆರೆ ಎಳೆದ.

"ಹಂಗಾದ್ರ ಹೊಸ ಹುಟ್ಟು ಇನ್ನೂ ಆಗಿಲ್ಲಕ್ಕಾ. ಮುಂದಿನ ವರ್ಷ ನೋಡೂಣು," ಎಂದ. ಆಮೇಲೆ ಸುಧಾರಾಣಿಯ ತಲೆಯ ಮೇಲೆ ಕೈಯಿಟ್ಟು ಸಭೆಯ ಕಡೆ ತಿರುಗಿದ. "ಈ ಸಣ್ಣ ಹುಡುಗಿನ್ನ ನೋಡ್ರಿ. ಹೆತ್ತ ತಾಯಿ ಅಂತನೂ ನೋಡ್ದ ಸತ್ಯ ಹೇಳಿತು."

"ಸ್ತೋತ್ರ!" ಎಂದರು ಎಲ್ಲರೂ.

ಅಂದು ಅವಳ ಹೆಸರಿನ ಮುಂದೆ ಒಂದಲ್ಲ, ಎರಡು ಸ್ಟಾರ್ ಬಿದ್ದವು. ಪೆಪ್ಪರಮಿಂಟನ್ನು ಅವಳು ಬಾಯಿಗೆ ಹಾಕಿಕೊಳ್ಳಲಿಲ್ಲ. ಅದು ಮುಷ್ಟಿಯಲ್ಲಿ ಕರಗಿ ಅಂಟಂಟಾಯಿತು.

ಮನೆಗೆ ಬರುವಾಗ ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ಹೋಗುತ್ತಿತ್ತು. ಇಬ್ಬರೂ ಗೇಟಿನ ಬದಿಗೆ ನಿಂತರು. ಎರಡು ವರ್ಷದ ಹಿಂದಾಗಿದ್ದರೆ ಇಷ್ಟು ಹೊತ್ತಿಗೆ ಬೆನ್ನಿನ ಮೇಲೆ ನಾಲ್ಕು ಬಿದ್ದಿರುತ್ತಿದ್ದವು. ಆಗ ಅವ್ವನ ಕೈಗೆ ಸಿಕ್ಕಿದ್ದೆಲ್ಲ ಹೊಡೆಯುವ ಸಾಮಾನೇ. ಲಟ್ಟಣಿಗೆ, ಕಸಬರಿಗೆ, ಒಮ್ಮೆ ಹಸಿ ಮೂಲಂಗಿ.

"ಅವ್ವಾ, ಸಿಟ್ಟು ಬಂದೈತೇನ?"

"ಬಂದೈತಿ."

"ಹೊಡಿ ಮತ್ತ."

ಅವ್ವ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಬರವಲ್ದು," ಎಂದಳು. "ಮೊದ್ಲ ಎಷ್ಟ ಛಲೋ ಬರ್ತಿತ್ತು."

ಅದು ಜೋಕ್ ಇರಬಹುದು ಎಂದು ಸುಧಾರಾಣಿ ತಲೆಯೆತ್ತಿದಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಗೂಡ್ಸ್ ಗಾಡಿ ಮುಗಿಯುವ ತನಕ ಅದನ್ನು ತೆಗೆಯಲಿಲ್ಲ.

*

ಮುಂದಿನ ಭಾನುವಾರ ಟೆಂಪೊ ಮಾಡಿಕೊಂಡು ಎಲ್ಲರೂ ಐರಣಿಗೆ ಹೋದರು. ಅವ್ವ ಬರುವುದಿಲ್ಲ ಎಂದಿದ್ದಳು. ಆದರೆ ಕರೆವ್ವ ಬೆಳಗಾಗುವುದರೊಳಗೆ ಮನೆ ಬಾಗಿಲಿಗೆ ಬಂದು ಕೂತಿದ್ದಳು. "ನನಗ ನೀರಂದ್ರ ಜೀವ ಹೋಕೈತಿ ಮೈಲವ್ವ. ನೀ ಬರಲಿಲ್ಲಂದ್ರ ನಾನೂ ಹೋಗೂದಿಲ್ಲ." ಅವ್ವ ಬಂದಳು. ಬಿಳಿ ಸೀರೆ ಉಡಲಿಲ್ಲ. ಯಾರ್ಡಿಗೆ ಉಡುವ ಕಂದು ಸೀರೆ ಉಟ್ಟಿದ್ದಳು. ಟೆಂಪೊದಲ್ಲಿ ಹಾಡಿನ ಪಲ್ಲವಿ ಬಂದಾಗೆಲ್ಲ ಚಪ್ಪಾಳೆಯನ್ನೂ ತಟ್ಟಿದಳು.

ಹೊಳೆ ತಣ್ಣಗೆ ಅಗಲವಾಗಿ ಹರಿಯುತ್ತಿತ್ತು. ಶಶಿಕಾಂತ ಅಣ್ಣ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆದ. ಮೂವರು ಮುಳುಗಿ ಎದ್ದರು. ಕರೆವ್ವನ ಸರದಿ ಬಂದಾಗ ಮುದುಕಿ ದಡದಲ್ಲೇ ನಡುಗತೊಡಗಿದಳು. ಅವ್ವ ಅವಳ ಎರಡೂ ಕೈ ಹಿಡಿದು ನೀರಿಗೆ ಇಳಿಸಿದಳು. ತಾನು ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ, ಕೂಸಿಗೆ ನಡಿಗೆ ಕಲಿಸುವ ಹಾಗೆ, "ಬಾ... ಹಾಂ... ಇನ್ನೊಂದ್ ಹೆಜ್ಜಿ," ಎಂದು ಕರೆದುಕೊಂಡು ಹೋದಳು.

"ಮೈಲಕ್ಕ, ಅಲ್ಲೇ ನಿಂದ್ರಿ," ಎಂದ ಶಶಿಕಾಂತ ಅಣ್ಣ. "ಮುಂದ ಬರಬ್ಯಾಡ್ರಿ. ನೋಡಿದವ್ರು ಬ್ಯಾರೆ ತಿಳ್ಕೊಂಡಾರು."

ಅವ್ವ ನಿಂತಳು. ನೀರು ಅವಳ ಮೊಣಕಾಲಿನ ಮಟ್ಟಕ್ಕಿತ್ತು. ಅವಳು ಕೈ ಬಿಟ್ಟಳು. ಕರೆವ್ವ ಉಳಿದ ನಾಲ್ಕು ಹೆಜ್ಜೆಗಳನ್ನು ಒಬ್ಬಳೇ ನಡೆದಳು. ಅವ್ವ ಮಾತ್ರ ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ಸುಧಾರಾಣಿ ದಡದ ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಊರಿನ ಹೆಂಗಸೊಬ್ಬಳು ದುಪ್ಪಡಿ ಒಗೆಯುತ್ತಿದ್ದಳು.

"ಯಾವೂರವ್ವಾ ನಿಮ್ದು?"

"ಬ್ಯಾಡಗಿ."

"ಆಕಿ ಯಾರು, ಕಂದು ಸೀರ್ಯಾಕಿ? ಎಲ್ಲಾರನೂ ಮುಳಗಸ್ಯಾರ, ಆಕಿ ಒಬ್ಬಾಕಿನ್ನ ಯಾಕ ಹಂಗ ನಿಂದ್ರಿಸ್ಯಾರ?"

"ಆಕಿ ನಮ್ಮವ್ವ."

"ಏನ್ ತಪ್ಪ ಮಾಡ್ಯಾಳ?"

ಐದನೇ ನಿಯಮ ಎಂದು ಹೇಳಲು ಸುಧಾರಾಣಿ ಬಾಯಿ ತೆರೆದಳು. ಆದರೆ ಬಾಯಿಂದ ಹೊರಬಂದದ್ದು ಬೇರೆ.

"ನಮ್ಮವ್ವ ಮತ್ತ ಬಾಜೂ ಮನಿ ಸೋಮವ್ವ ಮೂರು ವರ್ಷ ಮಾತಾಡ್ತಿದ್ದಿಲ್ರಿ. ನಳದ ಕಡೆ ಜಗಳಾಗಿತ್ತು. ಅವ್ವ ಆಕಿಗೆ ಕೊಡಾಲೆ ಹೊಡದಿದ್ಲು. ಇಲ್ಲಿ, ಹುಬ್ಬಿನ ಮ್ಯಾಲೆ. ಹೊಲಿಗಿ ಬಿದ್ದಿದ್ವು."

"ಅಬ್ಬಬ್ಬಾ!"

"ಆಮ್ಯಾಲೆ ಒಂದ್ ದಿನ ನಳ ಬಂದಿತ್ತು. ಅವ್ವನ ಪಾಳಿನ ಮೊದ್ಲ ಇತ್ತು. ಅವ್ವ ತನ್ನ ಕೊಡ ಹಿಂದ ಸರಿಸಿ ಸೋಮವ್ವನ ಕೊಡ ಇಟ್ಲು. ತುಂಬಿದ ಮ್ಯಾಲೆ ತಾನ ಎತ್ತಿ ಆಕಿ ಸೊಂಟದ ಮ್ಯಾಲೆ ಇಟ್ಲು. ಸೋಮವ್ವ ಅಲ್ಲೇ ಅಳಾಕತ್ಲು. ಅವ್ವನೂ ಅತ್ಲು. ಹಂಗ ಮಾಡಂತ ಅವ್ವಗ ಯಾರೂ ಹೇಳಿದ್ದಿಲ್ಲ. ಆಗ ಸಭೆಗೆ ಹೋಗಾಕ ಹೊಸದಾಗಿ ಶುರು ಮಾಡಿದ್ಲು, ಇನ್ನೂ ನಿಯಮ ಒಂದೂ ಗೊತ್ತಿದ್ದಿಲ್ಲ ಆಕಿಗೆ. ನಾ ಅಲ್ಲೇ ಇದ್ದೆ. ನಾ ನೋಡೇನಿ."

ಹೆಂಗಸು ದುಪ್ಪಡಿಯನ್ನು ಕಲ್ಲಿನ ಮೇಲೆ ಬಿಟ್ಟು ಅವಳನ್ನೇ ನೋಡಿದಳು.

"ಇಂಥಾಕಿನ್ನ ಹೊರಗ ನಿಂದ್ರಿಸ್ಯಾರಾ? ಇದನ್ನ ಅವ್ರು ಯಾರೂ ಕೇಳಲಿಲ್ಲೇನವ್ವಾ?"

ಹೊಳೆಯಲ್ಲಿ ಕರೆವ್ವ ಮುಳುಗಿ ಎದ್ದಳು. ದಡದ ಮೇಲೆ ಎಲ್ಲರೂ ಒಟ್ಟಿಗೆ ಹಾಡತೊಡಗಿದರು.

"ಕೇಳಿದ್ರು," ಎಂದಳು ಸುಧಾರಾಣಿ. "ನನ್ನ ಕೇಳಿದ್ರು."